ಗೆರ್ಲಿಂಡೆ ಬರೆದ ಆರನೆಯ ಪತ್ರ

ಏವಾಲ್ಡ್ ಹಮ್ಮೆಸ್‌ನ ಪಾಳುತೋಟ ಕಣ್ಣಿಗೆ ಬಿದ್ದರೆ ಸಾಕು, ಗೆರ್ಲಿಂಡೆ ಗೀಟ್ಸನ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಕಣ್ಣಿಗೆ ಬೀಳದೆ ಇರುವ ಹಾಗೂ ಇರಲಿಲ್ಲ. ಬ್ರಾಮ್‌ಬಾಖ್ ಊರಿನ ಎದುರಿಗೆ ಮೊಸೆಲ್ ನದಿಯಿಂದ ಗೋಡೆಯಂತೆ ಎದ್ದ ಗುಡ್ಡದಲ್ಲಿ ಅವಳ ದ್ರಾಕ್ಷಿತೋಟ, ಅದರ ಬಲಮಗ್ಗುಲಿಗೇ ಆ ಪಾಳು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ, ಚರ್ಚಿನ ಮೆಟ್ಟಿಲಿನಿಂದಲೂ ಕಾಣುತ್ತದೆ. ಏಳು ವರ್ಷದಿಂದ ಯಾರೂ ಕತ್ತರಿ ಹಾಕದ ಬಳ್ಳಿ, ಅದರ ಮೇಲೆ ಮುಳ್ಳುಪೊದೆ, ಪೊದೆಯೊಳಗೆ ಕಾಡುಹಂದಿ. ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿಂದ ಬೂದಿರೋಗ ಎದ್ದು ಬಂದು ಅವಳ ಬಳ್ಳಿಗಳಿಗೆ ಬಡಿಯುತ್ತಿತ್ತು.

ಬಡಿಯುತ್ತಿದ್ದುದು ಸರಿಯಾಗಿ ಆ ಬಲಗಡೆಯ ಐನೂರು ಬಳ್ಳಿಗಳಿಗೇ. ಅವು ಅವಳ ಅಪ್ಪ ನೆಟ್ಟವು. ಅವಳು ಹುಟ್ಟಿದ ವರ್ಷ ಸ್ಲೇಟುಕಲ್ಲನ್ನು ಹಾರೆಯಿಂದ ಒಡೆದೊಡೆದು ನೆಟ್ಟಿದ್ದು. ಅವಳಿಗೀಗ ಅರವತ್ತೆರಡು. ಹದಿನಾಲ್ಕನೆಯ ವಯಸ್ಸಿನಿಂದ ಆ ಗುಡ್ಡ ಹತ್ತಿ ಇಳಿದು ಸೊಂಟ ಹೋಗಿದೆ. ಗಂಡ ನೊರ್ಬರ್ಟ್ ಸರಕುಹಡಗಿನವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ಬಳ್ಳಿಯ ವೈನು ಊರಿಗೆ ಬಂದ ಸೈಕಲ್ ಪ್ರವಾಸಿಗರಿಗೆ ಖರ್ಚಾಗುತ್ತದೆ. ಈ ಐನೂರರದ್ದನ್ನು ಮಾತ್ರ ಅವಳು ಬೇರೆ ಪೀಪಾಯಿಯಲ್ಲಿಡುತ್ತಾಳೆ. ಇವು ಹೋದರೆ ತಾನು ಈ ಗುಡ್ಡ ಹತ್ತುವುದಿಲ್ಲ ಎಂದು ಅವಳು ಹೇಳಿದ್ದು ಬರಿಯ ಬಾಯಿಮಾತಲ್ಲ.

ಪಾಳುಬಿದ್ದ ದ್ರಾಕ್ಷಿತೋಟಕ್ಕೆ ಆ ಕಡೆ ‘ದ್ರೀಶ್’ ಎನ್ನುತ್ತಾರೆ. ಗೆರ್ಲಿಂಡೆ ಆ ಹೆಸರನ್ನು ತೋಟದಿಂದ ಕಿತ್ತು ಏವಾಲ್ಡನಿಗೇ ನೆಟ್ಟುಬಿಟ್ಟಳು. ಎಪ್ಪತ್ತೊಂಬತ್ತು ವರ್ಷದ ಮುದುಕ, ಒಂಟಿ, ಮೊಣಕಾಲು ಕೆಟ್ಟವನು. ಬ್ರೆಡ್ ಅಂಗಡಿಯ ಸಾಲಿನಲ್ಲಿ ಅವನು ಮುಂದೆ ನಿಂತಿದ್ದರೆ ಇವಳು ಹಿಂದಿನಿಂದ ಶುರುಮಾಡುತ್ತಿದ್ದಳು.

“ಏನು ದ್ರೀಶ್, ಹಂದಿಗಳೆಲ್ಲ ಕ್ಷೇಮವೇ? ಮರಿ ಹಾಕಿದ್ರೆ ನಾಮಕರಣಕ್ಕೆ ಕರಿ.”

ಅವನು ಬ್ರೆಡ್ಡು ತೆಗೆದುಕೊಂಡು, “ಬಿಸಿಲು ಜೋರು ಇವತ್ತು,” ಎಂದು ಹೇಳಿ ಹೋಗುತ್ತಿದ್ದ. ಅಷ್ಟೇ. ಬೈದರೆ ತಿರುಗಿ ಬೈಯದ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ? ಊರೆಲ್ಲ ಅವನನ್ನು ದ್ರೀಶ್ ಎಂದೇ ಕರೆಯತೊಡಗಿತು, ಆಗಲೂ ಅವನು ಬಾಯಿ ಬಿಡಲಿಲ್ಲ.

ಅವಳು ಜಿಲ್ಲಾ ಕಚೇರಿಗೆ ಬರೆದಳು. ಪಾಳುಬಳ್ಳಿಯನ್ನು ಮಾಲೀಕ ಬೇರುಸಹಿತ ಕೀಳಬೇಕು, ಕೀಳದಿದ್ದರೆ ಕಚೇರಿ ಆದೇಶ ಕೊಡಬೇಕು ಎಂದು ಕಾನೂನೇ ಇದೆ. ‘ನನ್ನ ಜಮೀನಿನ ಪಟ್ಟಿಗಳು ೨೧೨ ಮತ್ತು ೨೧೪. ಪಕ್ಕದ ೨೧೩ ಪಾಳುಬಿದ್ದಿದೆ.’ ಪತ್ರ ತಲುಪಿದೆ ಎಂದು ಉತ್ತರ ಬಂತು. ಮರುವರ್ಷ ಮತ್ತೆ ಬರೆದಳು. ಆ ಗುಮಾಸ್ತರಿಗೆ ವರ್ಗವಾಗಿದೆ ಎಂದು ಬಂತು. ಮೂರನೆಯದಕ್ಕೆ, ಅದು ಇನ್ನೊಂದು ವಿಭಾಗದ ಕೆಲಸ ಎಂದು. ನಾಲ್ಕನೆಯದಕ್ಕೆ ಏನೂ ಇಲ್ಲ. ಐದನೆಯದಕ್ಕೆ, ೨೧೩ನೇ ಪಟ್ಟಿಗೆ ಏವಾಲ್ಡ್ ಒಬ್ಬನೇ ಅಲ್ಲ, ಅವನ ಸತ್ತ ತಮ್ಮ ತಂಗಿಯರ ಮಕ್ಕಳೂ ಸೇರಿ ಏಳು ಜನ ವಾರಸುದಾರರಿದ್ದಾರೆ, ವಿಳಾಸ ಹುಡುಕುತ್ತಿದ್ದೇವೆ ಎಂದು. ಐದು ವರ್ಷವಾಗಿತ್ತು. ಫೈಲಿನ ಹೊಟ್ಟೆ ಉಬ್ಬಿತ್ತು, ಗುಡ್ಡದ ಮೇಲೆ ಒಂದು ಮುಳ್ಳೂ ಕದಲಿರಲಿಲ್ಲ.

ಆರನೆಯ ಪತ್ರವನ್ನು ಅವಳು ಹಲ್ಲು ಕಚ್ಚಿಕೊಂಡೇ ಬರೆದಳು. ‘ಖುದ್ದಾಗಿ ಬಂದು ಅಳೆಯಿರಿ. ಮೂವತ್ತು ದಿನದ ಗಡುವು ಕೊಡಿ. ಆ ಆದೇಶದ ಪ್ರತಿಯನ್ನು ಏಳೂ ಜನಕ್ಕೆ ಕಳಿಸಿ, ಎಲ್ಲರಿಗೂ ನಾಚಿಕೆಯಾಗಲಿ.’

ಈ ಸಲ ಕಚೇರಿಗೆ ಎಚ್ಚರವಾಯಿತು. ಟೀಲನ್ ಎಂಬ ಅಧಿಕಾರಿ ಯಂತ್ರ ಹಿಡಿದು ಬಂದ, ಗುಡ್ಡ ಹತ್ತಿದ, ಅಳೆದ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ಹೋದ. ಹತ್ತನೆಯ ದಿನ ಆದೇಶ ಬಂತು. ಗೆರ್ಲಿಂಡೆ ನಿಂತಲ್ಲೇ ಒಡೆದು ಓದಿದಳು. ೨೧೩ನೇ ಪಟ್ಟಿಯಲ್ಲಿ ಹಳೆಯ ಬಳ್ಳಿಗಳಿವೆ, ಆರೈಕೆ ಉತ್ತಮವಾಗಿದೆ. ಪಾಳುಬಿದ್ದಿರುವುದು ೨೧೪. ಅದರ ಮಾಲೀಕರು ಶ್ರೀಮತಿ ಗೆರ್ಲಿಂಡೆ ಗೀಟ್ಸನ್. ಮೂವತ್ತು ದಿನದೊಳಗೆ ಕೀಳಿಸತಕ್ಕದ್ದು. ತಾವು ಕೋರಿದಂತೆ ಏಳೂ ಜನಕ್ಕೆ ಪ್ರತಿ ಕಳಿಸಲಾಗಿದೆ.

ಅವಳು ಕಚೇರಿಗೆ ಫೋನು ಮಾಡಿ ಕೂಗಾಡಿದಳು.

“ಗೀಟ್ಸನ್ ಅವರೇ, ನಕ್ಷೇಲಿ ಇರೋದು ಹಾಗೆ, ನಾನೇನು ಮಾಡ್ಲಿ?” ಎಂದ ಟೀಲನ್. “ನೀವು ಕೂಡ ಪ್ರತಿ ಕೊಯ್ಲಿನ ಲೆಕ್ಕದಲ್ಲಿ ೨೧೪ ನಂದು ಅಂತ ಬರೆದು ಸಹಿ ಹಾಕಿದೀರಿ. ಮೂವತ್ತೈದು ವರ್ಷದಿಂದ.”

“ನಮ್ಮಪ್ಪ ಬರೀತಿದ್ದ, ನಾನೂ ಬರೆದೆ!”

“ನಕ್ಷೆ ನೋಡ್ಲಿಲ್ವಾ?”

ನೋಡಿರಲಿಲ್ಲ. ಆ ಊರಲ್ಲಿ ತನ್ನ ಬಳ್ಳಿ ಯಾವುದೆಂದು ತಿಳಿಯಲು ನಕ್ಷೆ ನೋಡುವವನನ್ನು ಮಂಕ ಎನ್ನುತ್ತಾರೆ. ಫೋನಿಟ್ಟ ಮೇಲೆ ಅವಳಿಗೆ ಅಪ್ಪ ಹೇಳಿದ್ದ ಮಾತು ನೆನಪಾಯಿತು. ಪಟ್ಟಿಗಳು ಬಿಡಿಬಿಡಿಯಾಗಿ ತೊಂದರೆ ಕೊಡುತ್ತಿದ್ದವೆಂದು ಅಪ್ಪನೂ ಏವಾಲ್ಡನ ಅಪ್ಪನೂ ೨೧೪ಕ್ಕೆ ೨೧೩ ಎಂದು ಒಂದೊಂದನ್ನು ಅದಲುಬದಲು ಮಾಡಿಕೊಂಡಿದ್ದರು. ನೆಲಮಾಳಿಗೆಯಲ್ಲಿ ಒಂದೊಂದು ಲೋಟ ವೈನು ಕುಡಿದು ಕೈ ಕುಲುಕಿದರು. ಅವರ ಕಾಲದಲ್ಲಿ ಅಷ್ಟೇ ನೋಂದಣಿ; ನಕ್ಷೆಯಲ್ಲಿ ಹಳೆಯ ಹೆಸರುಗಳೇ ಉಳಿದವು. ಅರವತ್ತೆರಡು ವರ್ಷದ ಮೇಲೆ ಆ ಕುಲುಕಿದ ಕೈಯೇ ಮಗಳಿಗೆ ಕೈ ಕೊಟ್ಟಿತ್ತು. ಐದು ವರ್ಷ ಊರೆಲ್ಲ ಸಾರಿಕೊಂಡು ಬಂದ ಪಾಳು ಅವಳದು. ಅಪ್ಪ ನೆಟ್ಟ ಐನೂರು ಬಳ್ಳಿ ಹಮ್ಮೆಸ್ ಮನೆಯವರದು.

ಕಾಗದ ಹಿಡಿದು ಅವಳು ಏವಾಲ್ಡನ ಹಿತ್ತಲಿಗೆ ನುಗ್ಗಿದಳು. ಅವನು ಚೆರಿ ಮರಕ್ಕೆ ಏಣಿ ಹಾಕಿಕೊಂಡು ಮೇಲೆ ನಿಂತಿದ್ದ.

“ನಿಂಗೆ ಗೊತ್ತಿತ್ತಾ?”

“ಪ್ರತಿ ನಂಗೂ ಬಂದಿದೆ.”

“ಅದಲ್ಲ ಕಣೋ! ಮೊದಲೇ ಗೊತ್ತಿತ್ತಾ?”

ಏವಾಲ್ಡ್ ಒಂದು ಗೊಂಚಲು ಕಿತ್ತು ಬುಟ್ಟಿಗೆ ಹಾಕಿದ. “ಏಳು ವರ್ಷದಿಂದ. ಮೊಣಕಾಲು ಹೋದಾಗ ಕೀಳಿಸೋಣ ಅಂತ ಅರ್ಜಿ ತಗೊಂಡೆ. ನಂಬರು ಕೇಳಿದ್ರು. ನಕ್ಷೆ ತೆಗೆಸಿ ನೋಡಿದೆ. ಅರ್ಜಿ ಹರಿದು ಒಲೆಗೆ ಹಾಕ್ದೆ.”

“ಯಾಕೆ? ಬಾಯಿ ಬಿದ್ದುಹೋಗಿತ್ತಾ ನಿಂಗೆ? ಐದು ವರ್ಷ ಉಗಿಸಿಕೊಂಡ್ಯಲ್ಲ!”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಮಾರನೇ ದಿನವೇ ಕಚೇರಿಗೆ ಬರೀತಿದ್ದೆ. ನಿಮ್ಮಪ್ಪ ನೆಟ್ಟಿದ್ದು ನನ್ನ ತಮ್ಮನ ಮಕ್ಕಳ ಪಾಲಾಗ್ತಿತ್ತು. ಅವರು ಬಳ್ಳಿ ಮುಟ್ಟಿದವರಲ್ಲ, ಮಾರೋರು. ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ರೆ ಸಾಕಿತ್ತು. ಮುಚ್ಚಿಕೊಂಡಿದ್ದೆ. ನೀನೇ ಏಳು ಜನಕ್ಕೂ ಕಾಗದ ಹಾಕ್ಸಿದೆ.”

ಗೆರ್ಲಿಂಡೆಗೆ ಅವನ ಮೇಲೆ ಸಿಟ್ಟಿತ್ತು, ಕಚೇರಿಯ ಮೇಲೂ ಅಪ್ಪನ ಮೇಲೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಮುದ್ದಾಗಿ ಆರು ಪತ್ರ ಬರೆದ ತನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕು ಅನಿಸಿತು.

“ಆ ಆರು ಜನ ಏನಂದ್ರು?” ಎಂದು ಕೇಳಿದಳು.

“ಕೊಲೋನ್‌ನಿಂದ ತಮ್ಮನ ಮಗಳು ಫೋನ್ ಮಾಡಿದ್ಲು. ಯಾವುದೋ ದೊಡ್ಡ ತೋಟದೋರು ಕೊಳ್ತಾರಂತೆ. ಆರು ಜನ ಒಪ್ಪಿದಾರೆ.”

“ನೀನು?”

“ಮಾರೋಕೆ ಏಳೂ ಸಹಿ ಬೇಕು. ಏಳನೇದು ನಂದು. ಹಾಕಲ್ಲ ಅಂದೆ.”

“ಎಷ್ಟು ದಿನ ಹಾಕದೇ ಇರ್ತೀಯ?”

“ಇರೋವಷ್ಟು ದಿನ. ಆಮೇಲೆ ನನ್ನ ಪಾಲೂ ಅವರದ್ದೇ.” ಅವನು ಮೇಲಿನ ಕೊಂಬೆಗೆ ಕೈ ಚಾಚಿದ. ಏಣಿ ಒಂದು ಗೇಣು ಓಲಾಡಿತು.

ಗೆರ್ಲಿಂಡೆಯ ಕೈಯಿಂದ ಕಾಗದ ಬಿತ್ತು. ಎರಡು ಹೆಜ್ಜೆಯಲ್ಲಿ ಹೋಗಿ ಅವಳು ಏಣಿಯ ಕಾಲುಗಳನ್ನು ಅವುಚಿ ಹಿಡಿದಳು.

“ಇಳಿ ಕೆಳಗೆ.”

“ಇನ್ನೂ ಅರ್ಧ ಬುಟ್ಟಿ ಇದೆ ಮಾರಾಯ್ತಿ.”

“ಇಳಿ ಅಂದೆ! ಆ ಕಾಲಲ್ಲಿ ಏಣಿ ಹತ್ತೋಕೆ ಬುದ್ಧಿ ಇದೆಯಾ ನಿಂಗೆ? ನಾನು ಕಿತ್ತುಕೊಡ್ತೀನಿ. ಇವತ್ತೂ, ನಾಳೆನೂ.”

ಅವನು ಗೊಣಗಿಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಎರಡೂ ಪಾದ ಹುಲ್ಲಿನ ಮೇಲೆ ಊರಿದ ಮೇಲೆಯೇ ಅವಳು ಏಣಿ ಬಿಟ್ಟಳು.