ತಲೆಕೆಳಗಾದ ಬ್ರೇಕ್

ನವಲಗುಂದದ ನನ್ನ ಗ್ಯಾರೇಜಿಗೆ ಒಮ್ಮೆ ಗಂಡ ಹೆಂಡತಿ ಒಂದು ಹಳೇ ಪಿಕಪ್ ತಂದಿದ್ದರು. ಮುಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಕೂಡಿಸಬೇಕಿತ್ತು. ಕೂಡಿಸಿದೆ. ಆದರೆ ಬ್ರೇಕ್ ಎಣ್ಣೆಯೊಳಗಿನ ಗಾಳಿ ಎಷ್ಟು ತೆಗೆದರೂ ಪೆಡಲ್ ಮೆತ್ತಗೆ ಕೆಳಗಿಳಿಯುತ್ತಿತ್ತು. ಮಧ್ಯಾಹ್ನದವರೆಗೂ ಒದ್ದಾಡಿ, "ಸಾಮಾನ ಖೊಟ್ಟಿ ಅದಾವ್ರಿ" ಎಂದು ಗಂಡನಿಗೆ ಹೇಳಿದೆ.

ಬಗ್ಗಿ ನೋಡುತ್ತಿದ್ದ ಹೆಂಡತಿ, "ಅಣ್ಣಾರ, ಗಾಳಿ ಬಿಡೂ ತಿರುಪು ಕೆಳಗ ಯಾಕ ಐತ್ರಿ?" ಎಂದು ಕೇಳಿದರು.

"ಅಕ್ಕಾರ, ಇದು ನಿಮಗ ತಿಳಿಯಂಗಿಲ್ಲ. ನೆರಳಾಗ ಹೋಗಿ ಕೂಡ್ರಿ" ಅಂದೆ.

ಅವರು ಹೋಗಲಿಲ್ಲ. "ನಾನು ದವಾಖಾನ್ಯಾಗ ನರ್ಸ್ ಅದೀನ್ರಿ. ಸಿರಿಂಜಿನ ಗಾಳಿ ತೆಗಿಬೇಕಂದ್ರ ಸೂಜಿ ಮ್ಯಾಲ ಮಾಡಿ ಹಿಡಿತೀವಿ. ಗಾಳಿ ಮ್ಯಾಲ ಹೋಗಿ ನಿಲ್ಲತೈತಲ್ರಿ?"

ಬಗ್ಗಿ ಎರಡೂ ಗಾಲಿ ನೋಡಿದೆ. ಡಿಸ್ಕನ್ನು ಅವುಚಿ ಹಿಡಿಯುವ, ಆ ತಿರುಪು ಇರುವ ಕ್ಯಾಲಿಪರುಗಳಲ್ಲಿ ಎಡಗಾಲಿಯದನ್ನು ಬಲಕ್ಕೆ, ಬಲಗಾಲಿಯದನ್ನು ಎಡಕ್ಕೆ ಕೂಡಿಸಿದ್ದೆ. ಅದಕ್ಕೇ ತಿರುಪು ತಲೆಕೆಳಗಾಗಿತ್ತು. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಸ್ತ್ರಿ ನಾನು! ತಲೆ ಎತ್ತದೆ ಎರಡನ್ನೂ ಅದಲುಬದಲು ಮಾಡಿದೆ. ಈ ಸಲ ಗಾಳಿಯೆಲ್ಲ ಹೊರಬಂದು ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು.

ಆಕೆಯ ಮುಖ ನೋಡಲಾರದೆ, ಕೀಲಿಯನ್ನು ಗಂಡನತ್ತ ಚಾಚಿ, "ಒಂದ್ ರೌಂಡ್ ಹೊಡೆದು ನೋಡ್ರಿ ಸಾಹೇಬ್ರ" ಅಂದೆ.

ಆತ ನಕ್ಕರು. "ನನಗ ಗಾಡಿ ಹೊಡಿಯಾಕ ಬರಂಗಿಲ್ರಿ. ಗಾಡಿ ಆಕೀದು."

ಆಕೆ ನನ್ನನ್ನೇ ಬಾಜೂಕ ಕೂಡಿಸಿಕೊಂಡು ಹೊರಟರು. ತಪ್ಪಾಯಿತು ಅನ್ನಲು ಬಾಯಿ ತೆರೆದೆ, ಬಂದದ್ದು, "ಬ್ರೇಕ್ ಚಲೋ ಹಿಡಿತಾವಲ್ರಿ?" ಎಂಬ ಮಾತು.

"ಅಗದಿ ಚಲೋ ಕೂಡಿಸೀರಿ ಅಣ್ಣಾರ" ಅಂದರು.

ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.