ಅತ್ತೆ ಕಂಡ ಸಿನಿಮಾ

ನಾನು ಗುಲ್ವಾಡಿಯಿಂದ ಮದುವೆಯಾಗಿ ಕುಂದಾಪುರಕ್ಕೆ ಬಂದಾಗ ಅತ್ತೆಯ ಕಿವಿ ಹೋಗಿ ಕೆಲವು ವರ್ಷ ಆಗಿತ್ತು. ವಿಷಮಶೀತ ಜ್ವರದಿಂದ ಬದುಕಿ ಉಳಿದದ್ದೇ ಹೆಚ್ಚು ಎನ್ನುತ್ತಿದ್ದರು. ಮಾತಿಗೆ ಏನೂ ಆಗಿರಲಿಲ್ಲ. ತನ್ನ ದನಿ ತನಗೇ ಕೇಳದ್ದರಿಂದ, ಗುಟ್ಟು ಹೇಳಿದರೂ ಅದು ಕೇರಿಗೆಲ್ಲ ಕೇಳುತ್ತಿತ್ತು. ಮನೆಯವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದರು. ಉಳಿದದ್ದನ್ನು ನಾವು ಸನ್ನೆಯಲ್ಲಿ ಹೇಳುತ್ತಿದ್ದೆವು, ಅದೂ ಆಗದಿದ್ದರೆ ಅವರ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದೆವು.

ಅರವತ್ತರ ದಶಕದ ಆರಂಭ. ಮಳೆಗಾಲ ಕಳೆದ ಮೇಲೆ ಟೂರಿಂಗ್ ಟಾಕೀಸಿನವರು ಬಯಲಿನಲ್ಲಿ ಡೇರೆ ಹಾಕುತ್ತಿದ್ದರು. ನಾನೂ ನೆರೆಮನೆಯ ಹೆಂಗಸರೂ ಸಂಜೆಯ ಆಟಕ್ಕೆ ಹೊರಟಿದ್ದಾಗ ಅತ್ತೆ ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತರು. ಬೈಂದೂರಿನಿಂದ ಬಂದಿದ್ದ ಅವರ ತಂಗಿ ನನ್ನ ಕಡೆ ತಿರುಗಿ, ಕಿವಿ ಕೇಳದವಳಿಗೆ ಸಿನಿಮಾ ಯಾಕಂತೆ ಎಂದು ಕೇಳಿದರು. ಅತ್ತೆಗೆ ಆ ತುಟಿ ಹುಟ್ಟಿದಂದಿನಿಂದ ಗೊತ್ತು.

"ಕಿವಿ ಹೋದ್ದ್. ಕಣ್ ಹೋಯ್ಲಿಲ್ಲೆ ಅಲ್ದಾ," ಎಂದವರೇ ನಮಗಿಂತ ಮುಂದೆ ನಡೆದರು.

ಅಂದಿನದು ಪುರಾಣದ ಕತೆ. ಯಕ್ಷಗಾನ, ಹರಿಕತೆಗಳಲ್ಲಿ ಹತ್ತಾರು ಸಲ ಕಂಡ ಕತೆಯಾದ್ದರಿಂದ ಅವರಿಗೆ ಏನೂ ತೊಡಕಾಗಲಿಲ್ಲ. ಮುಂದಿನ ವಾರ ಬಂದದ್ದು ಸಂಸಾರದ ಕತೆ. ನಾನು ಪಕ್ಕದಲ್ಲಿ ಕೂತು, ಪರದೆಯ ಮೇಲಿನವರು ಹೇಳಿದ್ದನ್ನೆಲ್ಲ ಅವರ ಅಂಗೈ ಮೇಲೆ ಬರೆಯತೊಡಗಿದೆ. ಅವರು ಕೈ ಎಳೆದುಕೊಂಡರು. ನಿನ್ನ ಬೆರಳು ನೋಡುವುದೋ ಪರದೆ ನೋಡುವುದೋ ಎಂದು ಅವರು ಕೇಳಿದ್ದು ಗಂಡಸರ ಬೆಂಚಿನವರೆಗೂ ಕೇಳಿ ನಗೆ ಎದ್ದಿತು. ಮತ್ತೆ ನಾನು ಬರೆಯಲಿಲ್ಲ. ಬಸ್ಸಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಅಮ್ಮನಿಗೆ ಅನುಕೂಲವಾಗಲಿ ಎಂದು ಕತೆಯ ಸಾರ ಅಚ್ಚಾಗಿದ್ದ ಹಾಡಿನ ಪುಸ್ತಕವನ್ನು ಮೊದಲೇ ತಂದುಕೊಟ್ಟಿದ್ದರು. ಓದಿಕೊಂಡು ಹೋದರೆ ಅಲ್ಲಿ ನೋಡುವುದು ಏನು ಉಳಿಯಿತು ಎಂದು ಅತ್ತೆ ಅದನ್ನು ತಿರುಗಿಸಿ ಇಟ್ಟಿದ್ದರು.

ಆ ಸಂಸಾರದ ಸಿನಿಮಾ ಮಾತ್ರ ಅವರನ್ನು ಚೆನ್ನಾಗಿ ದಾರಿ ತಪ್ಪಿಸಿತು. ಮೊದಲಿಗೆ ನಾಯಕ ಜೈಲಿನಲ್ಲಿರುತ್ತಾನೆ. ಅಲ್ಲಿ ಕೂತು ಹಳೆಯದನ್ನೆಲ್ಲ ನೆನೆಯುತ್ತಾನೆ. ಹಳೆಯ ಕತೆಯಲ್ಲಿ ಅದೇ ನಾಯಕ ಗದ್ದೆಯ ಅಂಚಿನಲ್ಲಿ ಹಾಡುತ್ತಾನೆ. ಅತ್ತೆ ಈ ಹಾಡುವವನನ್ನು ಜೈಲಿನವನ ಅವಳಿ ತಮ್ಮ ಎಂದುಕೊಂಡರು. ಮರುದಿನ ಬೆಳಿಗ್ಗೆ ಕಾಯಿ ಹೆರೆಯುತ್ತ ನನಗೆ ಕತೆ ಹೇಳಿದರು: ಅಣ್ಣ ಜೈಲಿನಲ್ಲಿ ಕೊಳೆಯುತ್ತಿದ್ದಾನೆ, ತಮ್ಮ ಹೊರಗೆ ಮೆರೆಯುತ್ತಿದ್ದಾನೆ. ಕೇಳಲು ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಒಬ್ಬನೇ ಉಳಿದದ್ದು ಹೇಗೆ ಎಂಬುದೊಂದೇ ಅವರಿಗೆ ಬಗೆಹರಿದಿರಲಿಲ್ಲ. ಇಬ್ಬರಲ್ಲ ಅತ್ತೆ, ಒಬ್ಬನೇ, ಅದು ಹಿಂದಿನ ಕತೆ ಎಂದು ಬರೆದು ತೋರಿಸಿದೆ.

"ಹಿಂದಿನ್ ಕತಿ ಅಂದ್ ಕಾಂಬವ್ರಿಗೆ ಹ್ಯಾಂಗ್ ಗೊತ್ತಾಯ್ಕ್?"

ಅವನೇ ಬಾಯಲ್ಲಿ ಹೇಳುತ್ತಾನಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಅದು ನನ್ನ ಮೇಲಲ್ಲ, ಸಿನಿಮಾ ಮಾಡಿದವರ ಮೇಲೆ. ಇಷ್ಟು ದೊಡ್ಡ ಪರದೆ ಕಟ್ಟಿ ಬಾಯಲ್ಲಿ ಹೇಳುವುದಾದರೆ ಪರದೆ ಯಾಕೆ ಎಂದರು. ಸಂಜೆ ಮತ್ತೆ ಹೋಗೋಣ ಎಂದೂ ಹೇಳಿದರು. ಕಂಡ ಸಿನಿಮಾವನ್ನೇ ಕಾಣುವುದೇ ಎಂದು ನನ್ನ ಗಂಡ ಗೊಣಗಿದ್ದು ಅವರಿಗೆ ಕೇಳುವ ಹಾಗಿರಲಿಲ್ಲ.

ಎರಡನೆಯ ಸಲ ಅವರು ಹಾಡಿಗೂ ಕುಣಿತಕ್ಕೂ ಗಮನ ಕೊಡದೆ, ಕಳೆದುಹೋದ ವಸ್ತು ಹುಡುಕುವವರ ಹಾಗೆ ಕೂತಿದ್ದರು. ನಾಯಕ ಜೈಲಿನ ಕಿಟಕಿಯತ್ತ ನೋಡಿದ, ಪರದೆಯ ಮೇಲಿನ ಚಿತ್ರವೆಲ್ಲ ಒಮ್ಮೆ ತೇಲಾಡಿತು. ಅತ್ತೆ ನನ್ನ ತೊಡೆಗೆ ಹೊಡೆದರು.

"ಕಾಣ್, ನೀರ್ ಅಲ್ಲಾಡ್ದಂಗ್ ಆಯ್ತ್. ನಿನ್ನೆ ಮಿಷಿನ್ ಹಾಳಾಯ್ತ್ ಅಂದ್ಕಂಡಿದ್ದೆ. ಹಿಂದಿನ್ ಕತಿಗ್ ಇದೇ ಗುರ್ತ."

ಅಂದಿನಿಂದ ಅವರ ನೋಟವೇ ಬೇರೆಯಾಯಿತು. ನಾನೂ ಮಾತು ಕೇಳುವುದನ್ನು ಕಡಿಮೆ ಮಾಡಿ, ಅವರು ಏನನ್ನು ನೋಡುತ್ತಾರೋ ಅದನ್ನು ನೋಡತೊಡಗಿದೆ. ಗೋಡೆಯ ಫೋಟೋಕ್ಕೆ ಹಾರ ಬಿತ್ತೇ, ಯಾರ ಕೂದಲು ಬೆಳ್ಳಗಾಯಿತು, ಇದನ್ನೆಲ್ಲ ಅವರು ಬಿಡುತ್ತಿರಲಿಲ್ಲ.

ಇನ್ನೊಂದು ವರ್ಷ ಬಂದ ಸಿನಿಮಾದಲ್ಲಿ ನೀರೂ ಅಲ್ಲಾಡಲಿಲ್ಲ, ಮಾತೂ ಬರಲಿಲ್ಲ. ಮಗುವನ್ನು ಮಲಗಿಸುತ್ತಿದ್ದ ಗೃಹಿಣಿ ಮರುಕ್ಷಣ ಯಾರೋ ಯುವಕನ ಸೈಕಲ್ಲಿನ ಹಿಂದೆ ಕೂತು ನಗುತ್ತಿದ್ದಳು. ಹೆಂಗಸರ ಕಡೆ ಗದ್ದಲ ಎದ್ದಿತು. ಮಗುವನ್ನು ಬಿಟ್ಟು ಹೊರಟಳೇ ಎಂದು ಒಬ್ಬರು, ಇವಳು ತಂಗಿಯಿರಬೇಕು ಎಂದು ಇನ್ನೊಬ್ಬರು. ನನಗೂ ತಿಳಿಯಲಿಲ್ಲ. ಆಗ ಅತ್ತೆ ನನಗೆಂದು ಹೇಳಿದ್ದು ಡೇರೆಗೆಲ್ಲ ಕೇಳಿತು.

"ಕುತ್ತಿಗಿ ಕಾಣ್. ಕರಿಮಣಿ ಇಲ್ಲೆ. ಇದ್ ಮದಿಗ್ ಮುಂಚಿನ್ ಕತಿ."

ಗದ್ದಲ ತಣ್ಣಗಾಯಿತು. ಎಲ್ಲರೂ ಆ ಕುತ್ತಿಗೆಯನ್ನೇ ನೋಡುತ್ತ ಕತೆಯೊಳಗೆ ಹಿಂತಿರುಗಿದರು.

ಹಾಗೆಂದು ಅವರು ಹೇಳಿದ್ದೆಲ್ಲ ಸರಿಯಾಗುತ್ತಿರಲಿಲ್ಲ. ಒಂದು ಕೊಲೆಯ ಸಿನಿಮಾ ಬಂತು. ಎಸ್ಟೇಟಿನ ಯಜಮಾನ ಸಾಯುತ್ತಾನೆ. ಸುದ್ದಿ ಬಂದಾಗ ಅವನ ಸೋದರಮಾವನ ಕೈಯ ಕಾಫಿ ಲೋಟ ನಡುಗುವುದನ್ನು ಪರದೆ ತುಂಬ ತೋರಿಸುತ್ತಾರೆ. ಆಮೇಲೆ ಅರ್ಧ ಸಿನಿಮಾ ಕೋರ್ಟಿನಲ್ಲೇ. ಇಬ್ಬರು ವಕೀಲರು ನಿಂತಲ್ಲೇ ಮಾತನಾಡುತ್ತಾರೆ. ಅತ್ತೆಗೆ ಹಿಡಿಯಲು ಏನೂ ಸಿಗಲಿಲ್ಲ. ಎದ್ದು ಹೋಗೋಣವೇ ಎಂದು ಸನ್ನೆ ಮಾಡಿದೆ, ಬೇಡವೆಂದು ತಲೆ ಆಡಿಸಿದರು. ಕೊನೆಯವರೆಗೂ ಕಣ್ಣು ಕೀಳದೆ ಕೂತು, ಹೊರಗೆ ಬಂದವರೇ ಕೊಂದವನು ಮಾವ ಎಂದು ತೀರ್ಪು ಕೊಟ್ಟರು. ಅಲ್ಲ, ಕಾರಿನ ಡ್ರೈವರ್, ಅವನೇ ಒಪ್ಪಿಕೊಂಡ ಎಂದು ಬರೆದೆ.

"ಹಾಂಗಾರೆ ಮಾವನ್ ಕೈ ಅಷ್ಟ್ ದೊಡ್ಡ ಮಾಡಿ ತೋರ್ಸಿದ್ ಎಂತಕೆ?"

ಮನೆಗೆ ಬಂದೂ ಇದೇ ಪ್ರಶ್ನೆ ಎತ್ತಿದರು. ನಮ್ಮನ್ನು ದಾರಿ ತಪ್ಪಿಸಲಿಕ್ಕೆ ಎಂದು ನನ್ನ ಗಂಡ ಬರೆದು ತೋರಿಸಿದರು. ತಪ್ಪಿಸಲಿ, ಅಡ್ಡಿಯಿಲ್ಲ, ಆದರೆ ಕೈ ಯಾಕೆ ನಡುಗಿತು ಎಂದು ಕಡೆಗಾದರೂ ತೋರಿಸಬೇಕಿತ್ತು ಎಂಬುದು ಅತ್ತೆಯ ಹಟ. ಇನ್ನೊಮ್ಮೆ ಹೋಗಿ ನೋಡಿ ಬಂದರೂ ಮಾವನನ್ನು ಬಿಡಲಿಲ್ಲ. ಕೇರಿಯ ಹೆಂಗಸರು ಎರಡು ಪಕ್ಷವಾದರು. ಬಾವಿಕಟ್ಟೆಯಲ್ಲಿ ವಾರವಿಡೀ ಅದೇ ವಾದ.

ಆ ತಿಂಗಳು ಬ್ರಹ್ಮಾವರದಲ್ಲಿ ಬಾಣಂತಿಯಾಗಿದ್ದ ನನ್ನ ಅಕ್ಕನನ್ನು ನೋಡಲು ಹೋದೆ. ಅವಳು ಸಿನಿಮಾ ಕತೆ ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳುತ್ತ ಹೋದೆ. ಕೋರ್ಟಿಗೆ ಬರುವಷ್ಟರಲ್ಲಿ ಯಾವ ವಕೀಲ ಯಾರ ಕಡೆ ಎಂದು ಅವಳು ತಬ್ಬಿಬ್ಬಾಗಿ ಮಗುವಿನ ಕಡೆ ತಿರುಗಿದಳು. ನಿಲ್ಲಿಸಿ, ನಡುಗುವ ಲೋಟದಿಂದ ಮತ್ತೆ ಶುರು ಮಾಡಿದೆ. ಕೋರ್ಟನ್ನು ಬಿಟ್ಟೇ ಬಿಟ್ಟೆ, ಕೊಲೆಯನ್ನು ಮಾವನ ಕೈಯಿಂದಲೇ ಮಾಡಿಸಿದೆ. ಅಕ್ಕ ಮಗುವನ್ನು ತಟ್ಟುವುದನ್ನೂ ಮರೆತು ಕೇಳಿದಳು.

ಮನೆಗೆ ಬಂದು ಅತ್ತೆಗೆ ಇದನ್ನು ತಿಳಿಸಿದೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಯೋಚಿಸಿ, ಹಾಗಾದರೆ ಡ್ರೈವರನನ್ನು ಏನು ಮಾಡಿದೆ ಎಂದು ಕೇಳಿದರು. ಅವನ ಹೆಸರೇ ಎತ್ತಲಿಲ್ಲ ಎಂದೆ. ಅದು ತಪ್ಪು, ಕೊಂದದ್ದು ಮಾವನೇ ಆದರೂ ಡ್ರೈವರನನ್ನೂ ಇಟ್ಟುಕೊಂಡೇ ಹೇಳಬೇಕಿತ್ತು ಎಂದು, ಒಲೆಯ ಮುಂದೆ ಕೂತು, ಅವನು ಎಲ್ಲೆಲ್ಲಿ ಬರಬೇಕು ಎಂದು ನನಗೆ ಮೊದಲಿನಿಂದ ಹೇಳಿಕೊಡತೊಡಗಿದರು.