ಆರು ಇಪ್ಪತ್ತೆರಡರ ಬೆಳಕು

ಬೆಳಗ್ಗೆ ಆರು ಗಂಟೆ ಇಪ್ಪತ್ತೆರಡು ನಿಮಿಷ. ಗಡಿಯಾರ ನೋಡಿ ಹೇಳುತ್ತಿಲ್ಲ. ಹೊಸ ಕ್ಯಾಮೆರಾ ಪ್ರತಿ ಫೋಟೋದ ಜೊತೆಗೂ ಗಂಟೆ, ನಿಮಿಷ, ಸೆಕೆಂಡು ಬರೆದಿಟ್ಟುಕೊಂಡಿದೆ. ಮೊದಲನೆಯ ಫೋಟೋಕ್ಕೂ ಹನ್ನೊಂದನೆಯದಕ್ಕೂ ನಡುವೆ ನಲವತ್ತೊಂದು ಸೆಕೆಂಡು. ಅಷ್ಟು ಹೊತ್ತೂ ನಾನು ಬಾಯಿ ತೆರೆಯಲಿಲ್ಲ.

ಕಾಫಿ ಕುಯ್ಲಿನ ಕಾಲ, ಜನವರಿ. ಕಳಸದಿಂದ ಸಂಸೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಎಸ್ಟೇಟು. ನಾನು ಹುಟ್ಟಿದ್ದು ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ. ಅಮ್ಮ ತೀರಿಹೋದಾಗ ನಾನು ಏಳನೇ ಕ್ಲಾಸು. ಆಮೇಲೆ ನನ್ನನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಡಿಗ್ರಿ ಮುಗಿಸಿದ ಮೇಲೆ ನಾನು ಕಳಸದಲ್ಲಿ ರೂಮು ಮಾಡಿಕೊಂಡು ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆಯತೊಡಗಿದೆ. ದೊಡ್ಡಮ್ಮ ಎಸ್ಟೇಟಿನಲ್ಲೇ ಉಳಿದಳು. ಕಾಫಿ ಒಣಗಿಸುವ ಕಣವನ್ನು ಬೆಳಗಾಗುವಷ್ಟರಲ್ಲಿ ಗುಡಿಸುವುದು, ಬಿಸಿಲು ಬಿದ್ದ ಕೂಡಲೇ ಟಾರ್ಪಾಲು ತೆಗೆಯುವುದು ಅವಳ ಕೆಲಸ.

ಎಸ್ಟೇಟಿನ ಸಾಹುಕಾರರು ಹೋಂಸ್ಟೇ ಶುರು ಮಾಡಿದ್ದರು. ಸೂರ್ಯ ಹುಟ್ಟುವ ಮುಂಚೆ ಕಣದ ಮೇಲೆ ಮಂಜು ಕೂತಿರುತ್ತದಲ್ಲ, ಅದರ ನಾಲ್ಕು ಫೋಟೋ ಬೇಕು ಎಂದಿದ್ದರು. ಹಿಂದಿನ ದಿನವೇ ಹೋಗಿ ದೊಡ್ಡಮ್ಮನ ಮನೆಯಲ್ಲಿ ಉಳಿದಿದ್ದೆ. ಬೆಳಗ್ಗೆ ಟಾರ್ಚ್ ಹಿಡಿದು ಹೊರಟಾಗ ಅವಳು ಒಲೆಯ ಮುಂದೆ ಇದ್ದಳು.

“ಕಾಫಿ ಕುಡ್ದು ಹೋಗು ಮಾರಾಯ್ತಿ. ಮಂಜೆಂಥ ಓಡಿ ಹೋಗ್ತದಾ?”

“ಬಂದು ಕುಡಿತೀನಿ” ಎಂದು ಹೊರಟೆ.

ಎರಡು ಕ್ಯಾಮೆರಾಗಳ ವಿಷಯ ಇಲ್ಲೇ ಹೇಳಬೇಕು. ಹಳೆಯದು ನಾನು ಚಿಕ್ಕಮಗಳೂರಿನಲ್ಲಿ ಓದುವಾಗ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಕೈಯಲ್ಲಿ ಹಿಡಿಯುವ ಕಡೆ ರಬ್ಬರ್ ಎದ್ದು ಬಂದಿತ್ತು, ಫೆವಿಕ್ವಿಕ್ ಹಾಕಿ ಅಂಟಿಸಿದ್ದೆ. ಅದರ ಒಳಗೆ ಒಂದು ಕನ್ನಡಿ. ಲೆನ್ಸಿನಿಂದ ಬಂದ ಬೆಳಕು ಆ ಕನ್ನಡಿಗೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದರೆ ಕನ್ನಡಿ ಮೇಲಕ್ಕೆ ಹಾರಿ ಟಪ್ಪೆಂದು ಬೀಳುತ್ತದೆ. ಆ ಒಂದು ಕ್ಷಣ ಕಣ್ಣಿಡುವ ಕಿಂಡಿ ಕಪ್ಪಾಗುತ್ತದೆ. ಅಂದರೆ ಫೋಟೋದಲ್ಲಿ ಸಿಕ್ಕಿದ ಕ್ಷಣವನ್ನು ತೆಗೆದವರೇ ನೋಡಿರುವುದಿಲ್ಲ. ಐದು ವರ್ಷ ನಾನು ತಾಳಿ ಕಟ್ಟುವ ಗಳಿಗೆಗಳನ್ನೆಲ್ಲ ಹಾಗೆ ಕುರುಡಾಗಿಯೇ ತೆಗೆದಿದ್ದು. ಮಂಟಪದಲ್ಲಿ ಆ ಟಪ್ ಟಪ್ ಸದ್ದಿಗೆ ಪುರೋಹಿತರು ಮಂತ್ರ ನಿಲ್ಲಿಸಿ ನನ್ನತ್ತ ನೋಡುವುದೂ ಇತ್ತು.

ಹೊಸದಕ್ಕೆ ಕನ್ನಡಿಯಿಲ್ಲ. ಮಿರರ್‌ಲೆಸ್ ಎನ್ನುತ್ತಾರೆ. ಕಣ್ಣಿಡುವ ಕಿಂಡಿಯಲ್ಲಿ ಉಗುರಿನಷ್ಟಗಲದ ಒಂದು ಪರದೆ ಇರುತ್ತದೆ. ಲೆನ್ಸು ಕಂಡದ್ದನ್ನು ಅದು ತಿದ್ದಿ, ಬೆಳಕು ಹೆಚ್ಚಿಸಿ ತೋರಿಸುತ್ತದೆ. ಕಪ್ಪಾಗುವುದಿಲ್ಲ. ಸೈಲೆಂಟ್ ಮಾಡಿದರೆ ಸದ್ದೂ ಇಲ್ಲ. ಪ್ರಾಣಿಯ ಕಣ್ಣೆಲ್ಲಿದೆ ಎಂದು ತಾನೇ ಹುಡುಕಿ ಅದರ ಮೇಲೆ ಒಂದು ಹಸಿರು ಚೌಕ ಕೂರಿಸುತ್ತದೆ. ಕೊಂಡು ಮೂರು ವಾರವಾಗಿತ್ತಷ್ಟೆ. ತರಿಸಿಕೊಟ್ಟ ಸ್ಟುಡಿಯೋದ ಅಣ್ಣ ನಗುತ್ತಾ ಹೇಳಿದ್ದರು: “ನಿನ್ನ ಹಳೇದು ಕನ್ನಡಕ ಮಾರಾಯ್ತಿ, ಇದು ಟೀವಿ. ಕನ್ನಡಕ ಇದ್ದದ್ದು ತೋರಿಸ್ತದೆ. ಟೀವಿ ಚಂದ ಮಾಡಿ ತೋರಿಸ್ತದೆ. ಟೀವಿ ನೋಡ್ಕೊಂಡು ರಸ್ತೆ ದಾಟ್ಬೇಡ ಮತ್ತೆ.”

ಕಣಕ್ಕೆ ಮೇಲ್ಗಡೆ ಮಣ್ಣಿನ ಎತ್ತರದ ದರೆ ಹತ್ತಿ ನಿಂತೆ. ಟಾರ್ಚ್ ಆರಿಸಿದೆ, ಅದರ ಬೆಳಕು ಫೋಟೋದಲ್ಲಿ ಬರುತ್ತದೆಂದು. ಬರಿಗಣ್ಣಿಗೆ ಕಣದ ಬಿಳಿ ಸಿಮೆಂಟು ಮಾತ್ರ ಮಸುಕಾಗಿ ಕಾಣುತ್ತಿತ್ತು. ಅದರಾಚೆ ತೋಟವೆಲ್ಲ ಒಂದೇ ಕಪ್ಪು. ಹೊಸ ಕ್ಯಾಮೆರಾಕ್ಕೆ ಕಣ್ಣಿಟ್ಟೆ. ತೋಟ ತೆರೆದುಕೊಂಡಿತು. ಒಂದೊಂದು ಗಿಡ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಲೈನ್ ಕಡೆಯಿಂದ ಕಣಕ್ಕೆ ಬರುವ ಕಾಲುದಾರಿ. ದಾರಿಯ ಪಕ್ಕ, ಹಲಸಿನ ಮರದ ಬುಡದಲ್ಲಿ, ಒಂಟಿ ಕಾಟಿ. ಗಂಡು. ಬೆನ್ನಿನ ಏಣು, ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲು, ಬಾಗಿದ ಕೊಂಬು, ಎಲ್ಲವೂ ಸಂತೆಯಲ್ಲಿ ಕಟ್ಟಿದ ಎಮ್ಮೆಯಷ್ಟು ಸ್ಪಷ್ಟ. ಹಸಿರು ಚೌಕ ಹೋಗಿ ಅದರ ಕಣ್ಣಿನ ಮೇಲೆ ಕೂತಿತು.

ಕಾಡುಕೋಣವನ್ನು ನಮ್ಮ ಕಡೆ ಕಾಟಿ ಎನ್ನುತ್ತೇವೆ. ಅದು ತಾನಾಗಿ ಜನರ ಮೇಲೆ ಬರುವುದು ಕಡಿಮೆ. ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಬರುತ್ತದೆ. ಅದಕ್ಕೇ ತೋಟದ ಹೆಂಗಸರು ನಸುಕಿನಲ್ಲಿ ನಡೆಯುವಾಗ ಬುತ್ತಿ ಡಬ್ಬಿಗೆ ಕತ್ತಿಯಿಂದ ಬಡಿಯುತ್ತಾ ಬರುತ್ತಾರೆ. ಮೇಲೆ ನಿಂತವರು ಏನಾದರೂ ಕಂಡರೆ ‘ಕೂ’ ಎಂದು ಕೂಗಬೇಕು. ಕೂಗಲಿಲ್ಲ ಎಂದರೆ ದಾರಿ ಸರಿಯಿದೆ ಎಂದು ಅರ್ಥ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಲೈನಿನಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ. ನನಗೆ ಗೊತ್ತಿತ್ತು.

ನಾಲ್ಕನೆಯ ಫೋಟೋದಲ್ಲಿ ಎಡಗಡೆಯಿಂದ ದೊಡ್ಡಮ್ಮ ಬರುತ್ತಾಳೆ. ಸ್ವೆಟರು, ತಲೆಗೆ ಕಟ್ಟಿದ ಟವಲು, ಕೈಯಲ್ಲಿ ಡಬ್ಬಿ. ಆರನೆಯದರಲ್ಲಿ ಅವಳು ನಿಂತಿದ್ದಾಳೆ. ಕಾಟಿಯನ್ನು ನೋಡಿ ನಿಂತಳು ಎಂದುಕೊಂಡೆ. ಅಷ್ಟು ಬೆಳಕಿನಲ್ಲಿ ಕಾಣದಿರುವುದು ಹೇಗೆ? ಈಗ ಹಿಂದಕ್ಕೆ ಹೋಗುತ್ತಾಳೆ ಎಂದುಕೊಂಡೆ. ಏಳನೆಯದರಲ್ಲಿ ಟವಲು ಸರಿಮಾಡಿಕೊಳ್ಳುತ್ತಿದ್ದಾಳೆ. ಎಂಟನೆಯದರಲ್ಲಿ ಮುಖ ಎತ್ತಿ ನನ್ನ ಕಡೆ ನೋಡಿ ನಗುತ್ತಿದ್ದಾಳೆ. ಅವಳ ಹಿಂದೆ ಹದಿನೈದು ಹೆಜ್ಜೆಯಲ್ಲಿ ಆ ಕಪ್ಪು ರಾಶಿ, ಅದರ ಕಣ್ಣಿನ ಮೇಲೆ ಬಿಗಿಯಾಗಿ ಕೂತ ನನ್ನ ಚೌಕ.

ಹನ್ನೊಂದನೆಯದಾದ ಮೇಲೆ ಕ್ಯಾಮೆರಾ ಇಳಿಸಿದೆ. ಕಾಟಿ ಇರಲಿಲ್ಲ. ಹಲಸಿನ ಮರ ಇರಲಿಲ್ಲ. ದೊಡ್ಡಮ್ಮನೂ ಇರಲಿಲ್ಲ. ಕತ್ತಲೆ ಇತ್ತು.

ಆಗ ಕೂಗಿದೆ. ನನ್ನ ಕೂಗು, ಕೊಂಬೆ ಮುರಿದ ಸದ್ದು, ಡಬ್ಬಿ ಕಲ್ಲಿನ ಮೇಲೆ ಉರುಳಿದ ಸದ್ದು ಒಟ್ಟಿಗೇ ಕೇಳಿದವು. ಕಾಟಿ ನನ್ನ ಕೂಗಿಗೇ ಬೆದರಿತೋ, ಅಷ್ಟರಲ್ಲೇ ಹೊರಟಿತ್ತೋ ಇವತ್ತಿಗೂ ಗೊತ್ತಿಲ್ಲ. ಅದು ಓಡಿಹೋದದ್ದು ಅವಳನ್ನು ಹಾಯ್ದುಕೊಂಡೇ. ನಾನು ಇಳಿದು ಹೋಗಿ ಟಾರ್ಚ್ ಹಾಕಿದಾಗ ಅವಳು ಕಾಫಿ ಗಿಡದ ಬುಡದಲ್ಲಿ ಕೂತಿದ್ದಳು, ಬಿದ್ದವಳಂತೆ ಅಲ್ಲ, ದಣಿದು ಕೂತವಳಂತೆ. ತೊಡೆಯ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದಳು. “ಎಂಥದದು?” ಎಂದು ಕೇಳಿದಳು. ಅಷ್ಟೇ. ಅವಳು ಅದನ್ನು ನೋಡಿಯೇ ಇರಲಿಲ್ಲ.

ಎಸ್ಟೇಟಿನ ಜೀಪಿನಲ್ಲಿ ಕಳಸ, ಅಲ್ಲಿಂದ ಆಂಬುಲೆನ್ಸಿನಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆ. ತೊಡೆ ಸೀಳಿತ್ತು, ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಎರಡು ಪಕ್ಕೆಲುಬು ಮುರಿದಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದು ಮೂರನೆಯ ದಿನ ಹೇಳಿದರು. ಅವತ್ತೇ ಅವಳು ನರ್ಸಿಗೆ ಹೇಳುವುದು ಕೇಳಿಸಿತು: “ಇವಳು ಕೂಗಿದ್ದಕ್ಕೆ ತಿರುಗಿದೆ. ತಿರುಗಿದ್ದಕ್ಕೆ ತೊಡೆಗೆ ಬಿತ್ತು. ಇಲ್ದಿದ್ರೆ ಹೊಟ್ಟೆಗೇ.” ನರ್ಸು ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಫ್ಲಾಸ್ಕ್ ತೆಗೆದುಕೊಂಡು ಬಿಸಿನೀರು ತರಲು ಹೋದೆ.

ಅಂದಿನಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎಂಟನೆಯ ಫೋಟೋ. ಹಳೆಯ ಕ್ಯಾಮೆರಾ ಆಗಿದ್ದರೆ ಆ ನಗುವಿನ ಕ್ಷಣದಲ್ಲಿ ಕನ್ನಡಿ ಮೇಲೆ ಹಾರಿ ಕಿಂಡಿ ಕಪ್ಪಾಗುತ್ತಿತ್ತು. ಹೊಸದು ಎಲ್ಲವನ್ನೂ ನೋಡಲು ಬಿಟ್ಟಿತು.

ಅವಳನ್ನು ಮನೆಗೆ ಕರೆತಂದ ವಾರ, ಯಾರಿಗೂ ಹೇಳದೆ, ಎರಡೂ ಕ್ಯಾಮೆರಾ ಹಿಡಿದು ಅದೇ ದರೆಯ ಮೇಲೆ ಹೋಗಿ ನಿಂತೆ. ಅದೇ ಸಮಯಕ್ಕೆ. ಬರಿಗಣ್ಣಿಗೆ ಕತ್ತಲೆ. ಹಳೆಯದಕ್ಕೆ ಕಣ್ಣಿಟ್ಟೆ: ಅದೇ ಕತ್ತಲೆ, ಹಲಸಿನ ಮರ ಹುಡುಕಿದರೂ ಸಿಗಲಿಲ್ಲ. ಒಂದು ಫೋಟೋ ತೆಗೆದೆ. ಟಪ್ಪೆಂದ ಸದ್ದಿಗೆ ಎಲ್ಲೋ ಕಾಡುಕೋಳಿ ರೆಕ್ಕೆ ಬಡಿಯಿತು. ಫೋಟೋ ರವೆ ಚೆಲ್ಲಿದಂತೆ ಕಾಳುಕಾಳು. ಹೊಸದಕ್ಕೆ ಕಣ್ಣಿಟ್ಟೆ: ಹಲಸಿನ ಮರದ ತೊಗಟೆಯ ಮೇಲಿನ ಹಾವಸೆ ಸಮೇತ ಕಂಡಿತು.

ಒಂದು ಗಳಿಗೆ ಹಗುರವಾಯಿತು. ತಪ್ಪು ಇದರದ್ದು, ಇಲ್ಲದ ಬೆಳಕು ತೋರಿಸಿತು, ಅವಳಿಗೂ ಕಾಣುತ್ತದೆಂದು ನಾನು ನಂಬಿದೆ. ದರೆ ಇಳಿಯಲು ಟಾರ್ಚ್ ಹಾಕಿದೆ. ಹಾಕಿದವಳು ಅಲ್ಲೇ ನಿಂತೆ. ಅವತ್ತೂ ನಾನು ಟಾರ್ಚ್ ಹಾಕಿಕೊಂಡೇ ಹತ್ತಿದ್ದೆ. ನನ್ನ ಕೈಯಿಂದಲೇ ಆರಿಸಿದ್ದೆ. ಕತ್ತಲೆ ಇದೆಯೆಂದು ನನಗೆ ಗೊತ್ತಿತ್ತು.

ಇನ್ನೊಂದೂ ಇತ್ತು, ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಳ್ಳದೆ ಇದ್ದದ್ದು. ದೊಡ್ಡಮ್ಮ ಒಳಗೆ ಬಂದ ಕೂಡಲೇ ಫೋಟೋ ಚಂದವಾಯಿತು. ಕಾಟಿ ಎಷ್ಟು ದೊಡ್ಡದೆಂದು ಮನುಷ್ಯರು ಪಕ್ಕದಲ್ಲಿದ್ದರೆ ತಾನೇ ತಿಳಿಯುವುದು. ಇನ್ನೆರಡು ಹೆಜ್ಜೆ ಬಲಕ್ಕೆ ಬರಲಿ ಎಂದು ಕಾದಿದ್ದೆ.

ದೊಡ್ಡಮ್ಮ ಈಗ ಜಗಲಿಯಲ್ಲಿ ಕಾಲು ಚಾಚಿ ಕೂತು ಒಳ್ಳೆಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುತ್ತಿದ್ದಳು. ನೋಡಲು ಬಂದವರಿಗೆಲ್ಲ ಅದೇ ಕಥೆ, ನನ್ನ ಕೂಗಿನ ಕಥೆ. ಪಕ್ಕದ ಮನೆಯ ಹೆಂಗಸು, ದೊಡ್ಡಮ್ಮನ ಜೊತೆ ಮೂವತ್ತು ವರ್ಷ ಕಾಫಿ ಕುಯ್ದವಳು, ದಿನಾ ಬಂದು ಕೂರುತ್ತಿದ್ದಳು.

“ಹೆತ್ತ ಮಕ್ಕಳೂ ಹೀಗೆ ನೋಡ್ಕೊಳ್ಳಲ್ಲ ಬಿಡು” ಎಂದಳು ಒಂದು ದಿನ. “ಜೀವ ಉಳಿಸಿದ್ದೂ ಅವಳೇ, ಗಂಜಿ ಕುಡಿಸೋದೂ ಅವಳೇ. ನಿನ್ನ ಅದೃಷ್ಟ ಕಣೇ.”

“ಅದೃಷ್ಟ ಇದ್ದಿದ್ರೆ ಆ ಕಾಟಿ ನಿನ್ನ ದಾರಿಗೆ ಬರ್ತಿತ್ತು” ಎಂದಳು ದೊಡ್ಡಮ್ಮ. ಇಬ್ಬರೂ ನಕ್ಕರು. ನಗುವಾಗ ಪಕ್ಕೆ ನೋವಾಗಿ ದೊಡ್ಡಮ್ಮ ಮುಖ ಕಿವಿಚಿದಳು.

ಪಕ್ಕದ ಮನೆಯವಳು ಹೋದ ಮೇಲೆ ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ. ಕಾಟಿ ನನಗೆ ಮೊದಲೇ ಕಂಡಿತ್ತು, ನೀನು ಬರುವ ಮುಂಚೆಯೇ, ನಾನು ಕೂಗಲಿಲ್ಲ.

ಅವಳ ಕೈ ಮೆಣಸು ಬಿಡಿಸುತ್ತಲೇ ಇತ್ತು. “ಫೋಟೋ ಇದಾವಾ?”

“ಇದಾವೆ.”

“ತೋರ್ಸು.”

ಯಾರಿಗೂ ತೋರಿಸಿರಲಿಲ್ಲ. ಕ್ಯಾಮೆರಾ ತಂದು ಒಂದೊಂದನ್ನೇ ದಾಟಿಸಿದೆ. ಎಂಟನೆಯದನ್ನು ಅವಳು ಬಹಳ ಹೊತ್ತು ಹಿಡಿದುಕೊಂಡಳು.

“ಇಷ್ಟು ಬೆಳಕು ಎಲ್ಲಿತ್ತು ಅವತ್ತು?”

“ಇರ್ಲಿಲ್ಲ. ಅದು ಹಾಗೆ ತೋರಿಸ್ತದೆ.”

“ದರೆ ಮೇಲೆ ನೀನು ನಿಂತಿದ್ದು ಆಕಾಶಕ್ಕೆ ಕಪ್ಪಗೆ ಕಾಣ್ತಿತ್ತು ನಂಗೆ. ಫೋಟೋ ತೆಗೀತಿದಾಳೆ, ಹಕ್ಕಿಗಿಕ್ಕಿ ಹಾರಿಹೋದ್ರೆ ಅವಳ ಕೆಲಸ ಕೆಡ್ತದೆ ಅಂತ ಡಬ್ಬಿ ಬಡಿಯೋದು ನಿಲ್ಸಿದೆ.” ಮತ್ತೆ ಫೋಟೋದತ್ತ ನೋಡಿ, “ನೀನು ಕೂಗ್ಲಿಲ್ಲ. ಹಂಗಾದ್ರೆ ಎಂಥದೂ ಇಲ್ಲ ಅಂತ ನಿಂತೆ.”

ಇದು ನನಗೆ ಗೊತ್ತಿರಲಿಲ್ಲ. ಉಳಿದದ್ದನ್ನೂ ಹೇಳಿಬಿಟ್ಟೆ, ಎರಡು ಹೆಜ್ಜೆಯದ್ದು.

“ನಾನು ಇನ್ನೆರಡು ಹೆಜ್ಜೆ ಬರ್ಲಿ ಅಂತ ಕಾದ್ಯಾ?”

“ಹೌದು.”

ಅವಳು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಳು. ನೆಲಕ್ಕೆ ಇಡಲಿಲ್ಲ, ಎಸೆಯಲಿಲ್ಲ. “ಇವತ್ತು ನೀನು ಹೋಗು. ನಾಳೆ ಬಾ.”

ಮಾರನೆಯ ದಿನ ಹೋದೆ. ಗಂಜಿ ಕುಡಿದಳು, ಬಟ್ಟೆ ಬದಲಿಸಿಕೊಂಡಳು, ಮಾತಾಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ “ಉಪ್ಪು ಜಾಸ್ತಿ” ಎಂದಳು. ನಾಲ್ಕನೆಯ ದಿನ ಶುಕ್ರವಾರ. ಪಕ್ಕದ ಮನೆಯವಳು ತನ್ನ ತವರಿನ ಕಡೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಕಾಟಿ ಹಾಯ್ದವರನ್ನು ಅವರು ನೋಡಿರಲಿಲ್ಲವಂತೆ.

“ಹೇಳೇ, ನಿನ್ನ ಮಗಳು ಕೂಗಿ ಉಳಿಸಿದ್ದು ಹೇಳು ಇವ್ರಿಗೆ” ಎಂದಳು.

ನಾನು ಒಲೆಯ ಹತ್ತಿರವಿದ್ದೆ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡಳು.

“ಇವಳಿಗೆ ಕಾಟಿ ಮೊದ್ಲೇ ಕಂಡಿತ್ತು. ಕೂಗ್ಲಿಲ್ಲ. ಫೋಟೋ ತೆಗೀತಾ ಇದ್ಲು. ನಾನೂ ಫೋಟೋಕ್ಕೆ ಅಂತ ಡಬ್ಬಿ ನಿಲ್ಸಿ, ಟವಲು ಸರಿಮಾಡ್ಕೊಂಡು ನಿಂತೆ. ಆಮೇಲೆ ಇವಳು ಕೂಗಿದ್ಲು. ನಾನು ತಿರುಗಿದೆ. ತೊಡೆಗೆ ಬಿತ್ತು.” ಇಷ್ಟನ್ನೂ ಸಂತೆಯಿಂದ ಏನೇನು ತರಬೇಕೆಂದು ಹೇಳುವ ದನಿಯಲ್ಲಿ ಹೇಳಿ, ನನ್ನ ಕಡೆ ತಿರುಗಿ, “ಎಲ್ರಿಗೂ ಕಾಫಿ ಇಡು” ಎಂದಳು.

ಪಕ್ಕದ ಮನೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಫೋಟೋ ಚೆನ್ನಾಗಿ ಬಂತಾ?”

“ಬಂದಿದೆ” ಎಂದೆ.

ಬಂದವರಿಬ್ಬರೂ ಕಾಫಿ ಕುಡಿದರು. ಪಕ್ಕದ ಮನೆಯವಳು ಲೋಟ ಮುಟ್ಟದೆ ಎದ್ದುಹೋದಳು. ನಾನು ಲೋಟಗಳನ್ನು ತೊಳೆದು ಬೋರಲು ಹಾಕಿದೆ, ಬಿಡಿಸಿದ ಮೆಣಸನ್ನು ಮೊರಕ್ಕೆ ತುಂಬಿದೆ, ದೊಡ್ಡಮ್ಮನ ಕಾಲಿನ ಪಟ್ಟಿ ಬಿಚ್ಚಿ ಹೊಸದು ಕಟ್ಟಿದೆ. “ಇಲ್ಲೇ ಮಲಗು, ಹೊತ್ತಾಯ್ತು” ಎಂದಳು. ಅವಳ ಮಂಚದ ಪಕ್ಕ ಚಾಪೆ ಹಾಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಿಟಕಿಯಿಂದ ಬಿಸಿಲು ನನ್ನ ಕಾಲಿನವರೆಗೆ ಬಂದಿದ್ದು, ಹೆಂಗಸರೆಲ್ಲ ಆಗಲೇ ತೋಟಕ್ಕೆ ಹೋಗಿ ಲೈನು ಬರಿದಾಗಿದ್ದು, ದೊಡ್ಡಮ್ಮ ಮಂಚದ ಮೇಲಿಂದ “ಏಳೇ, ಎಂಟೂವರೆ ಆಯ್ತು, ನಂಗೆ ಹಸಿವು” ಎಂದು ಕೋಲಿನಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದದ್ದು.